ಹಳೂ ಎಂದರೆ ಹಾಳಲ್ಲ

ಯಶ್ಮಿತಾ ಪುತ್ತೂರಿನಿಂದ ಸೊಸೆಯಾಗಿ ಮರಾಠಿ ನಾಡಿನ ನಿಗಡಿಗೆ ಬಂದಾಗ ಅವಳಿಗೆ ಮರಾಠಿ ಬರುತ್ತಿರಲಿಲ್ಲ. ಮಾವ ಸಂಕಪ್ಪನವರ ಹೋಟೆಲಿನಲ್ಲಿ ಅದು ಬೇಕಾಗಲೂ ಇಲ್ಲ. ಅಲ್ಲಿ ಅಡುಗೆಯವರಿಂದ ಹಿಡಿದು ಬೆಕ್ಕಿನವರೆಗೆ ಎಲ್ಲರಿಗೂ ತುಳು ಗೊತ್ತಿತ್ತು. ಆದರೆ ಅವಳು ಓದಿದ್ದು ಬಯೋಕೆಮಿಸ್ಟ್ರಿ. ಚಿಂಚವಾಡದ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕೆಲವು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ಅದು ತಪ್ಪಿದರೆ ಹೋಟೆಲಿನ ಗಲ್ಲಾದ ಮುಂದೆ ಕೂರುವುದೇ ಗತಿ.

ಲ್ಯಾಬಿನಲ್ಲಿ ತಯಾರಾಗುತ್ತಿದ್ದದ್ದು ಕೆಟಮಿನ್ ಪತ್ತೆಹಚ್ಚುವ ಆಂಟಿಬಾಡಿ. ಕೆಟಮಿನ್ ಎಂದರೆ ಮನಸ್ಸನ್ನು ಮೈಯಿಂದ ಬಿಡಿಸಿ ತೇಲಿಸುವ ಅರಿವಳಿಕೆ ಮದ್ದು. ಸಂಶೋಧನೆಗೆಂದು ಬಂದ ರಕ್ತದಲ್ಲಿ ಅದರ ಸುಳಿವಿದ್ದರೆ ಆಂಟಿಬಾಡಿ ಎಂಬ ಈ ಪ್ರೋಟೀನು ಹುಡುಕಿ ಹಿಡಿಯುತ್ತದೆ. ಜೋರಾಗಿ ಕುಲುಕಿದರೆ ನೊರೆಯೆದ್ದು ಕೆಡುತ್ತದೆ. ಕಲಿಸಲು ಸಿಕ್ಕವರು ಹಿರಿಯ ತಂತ್ರಜ್ಞೆ ರಾಧಾಬಾಯಿ. ಅವರಿಗೆ ಕನ್ನಡದ ಗಂಧಗಾಳಿಯಿಲ್ಲ.

ಒಂದು ದಿನ ಯಶ್ಮಿತಾ ಹಳೆಯ ಬ್ಯಾಚಿನಲ್ಲಿ ಉಳಿದಿದ್ದ ಒಂದೇ ಟ್ಯೂಬನ್ನು ಅಲುಗಿಸುತ್ತಿದ್ದಳು. ಹೊಸ ಬ್ಯಾಚನ್ನು ಅದರ ಜೊತೆ ಹೋಲಿಸಿ ನೋಡಬೇಕಿತ್ತು. ರಾಧಾಬಾಯಿ ಮಾಸ್ಕಿನೊಳಗಿಂದ "ಹಳೂ, ಹಳೂ" ಎಂದು, ಯಾರೋ ಕರೆದರೆಂದು ಹೊರಗೆ ಹೋದರು. ಮರಾಠಿಯಲ್ಲಿ ಅದರರ್ಥ ಮೆಲ್ಲಗೆ ಎಂದು. ಇವಳ ಕಿವಿಗೆ ಬಿದ್ದದ್ದು ಹಾಳು. ದೇವರೇ, ಕೆಡಿಸಿಬಿಟ್ಟೆ ಎಂದುಕೊಂಡು ಮುಚ್ಚಳ ಬಿಗಿದು ಕಸದ ಡಬ್ಬಿಗೆ ಹಾಕಿಬಿಟ್ಟಳು. ಹೋಟೆಲಿನವರ ಮನೆಯ ಶಿಸ್ತು ನೋಡಿ, ಕೆಟ್ಟದ್ದನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಬಾರದು!

ಸ್ವಲ್ಪ ಹೊತ್ತಿಗೆ ಲ್ಯಾಬಿನ ಮುಖ್ಯಸ್ಥ, ಮೈಸೂರಿನ ಅನಂತರಾಮು, ಟ್ಯೂಬು ಕೇಳಿದರು.

"ರಾಧಾಬಾಯಿಯವರೇ ಹಾಳು ಅಂತ ಹೇಳಿದ್ದು ಸರ್, ಹಾಗಾಗಿ ಬಿಸಾಡಿದೆ" ಎಂದಳು.

ಅನಂತರಾಮು ಹಣೆ ಚಚ್ಚಿಕೊಂಡು, ಆದ ಎಡವಟ್ಟನ್ನು ರಾಧಾಬಾಯಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದರು. ಇಂಥವಳನ್ನು ಇಟ್ಟುಕೊಂಡು ಏನು ಮಾಡುವುದು ಎಂದೂ ಸೇರಿಸಿದರು. ರಾಧಾಬಾಯಿ ನಗಲಿಲ್ಲ, ಬೈಯಲೂ ಇಲ್ಲ.

"ಚೂಕ್ ಮಾಝೀ, ಸರ್" ಎಂದರು. ತಪ್ಪು ನನ್ನದು, ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ಹೇಳಿದವಳು ನಾನು ಎಂದು. ಆಮೇಲೆ ಕೈಗವಸು ಹಾಕಿಕೊಂಡು ಡಬ್ಬಿ ತಡಕಿ, ಟ್ಯೂಬನ್ನು ತೆಗೆದು ಮಂಜುಗಡ್ಡೆಯಲ್ಲಿಟ್ಟರು.

ಇಬ್ಬರೂ ಪರೀಕ್ಷೆಗೆ ಕೂತರು. ಪರೀಕ್ಷೆಯ ತಟ್ಟೆಯಲ್ಲಿ ಕೆಟಮಿನ್ ಹಾಕಿದ ಗುಳಿಗಳಲ್ಲಿ ಬಣ್ಣ ತಿಳಿಯಾಗಿರಬೇಕು, ಹಾಕದವುಗಳಲ್ಲಿ ಗಾಢವಾಗಬೇಕು. ಯಶ್ಮಿತಾ ಊರಿನ ದೈವಗಳಿಗೆಲ್ಲ ಹರಕೆ ಹೇಳಿಕೊಂಡಳು. ಒಂದು ಸಾಲು ಗಾಢ ಹಳದಿಗೆ ತಿರುಗಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಂಟಿಬಾಡಿ ಕೆಟ್ಟಿರಲಿಲ್ಲ. ಅವಳು ಅಲ್ಲೇ ಅತ್ತುಬಿಟ್ಟಳು. ಕೆಲಸ ಉಳಿಯಿತು.

ಈಗ ರಾಧಾಬಾಯಿ ನಿವೃತ್ತರು. ತಾನು ಲ್ಯಾಬಿನಲ್ಲಿರುವುದು ಅವರ ಋಣದಿಂದ ಎಂದು ಯಶ್ಮಿತಾ ಎಲ್ಲರೆದುರೂ ಹೇಳುತ್ತಾಳೆ. ಈಗ ಕಲಿಸುವವಳು ಅವಳೇ. ಒಡಿಶಾದವರಿರಲಿ, ಕೇರಳದವರಿರಲಿ, ಹೊಸಬರ ಕೈಗೆ ಟ್ಯೂಬು ಕೊಡುವ ಮೊದಲು ಒಂದೇ ಮಾತು ಕೇಳುತ್ತಾಳೆ: ನಿಮ್ಮ ಮನೆಯಲ್ಲಿ ಮೆಲ್ಲಗೆ ಅನ್ನುವುದಕ್ಕೆ ಏನು ಹೇಳುತ್ತಾರೆ?