ಪ್ರತೀವಿಯ ಹನ್ನೊಂದು ತಪ್ಪುಗಳು

ಪೆಕಲೊಂಗನ್ ಪಟ್ಟಣದ ಮೀನುಪೇಟೆಯ ಹಿಂದಿನ ಗಲ್ಲಿಯಲ್ಲಿ ಸುಮಿರಾ ಇಪ್ಪತ್ತು ವರ್ಷದಿಂದ ಕೆಬಾಯ ಹೊಲಿಯುತ್ತಿದ್ದಳು. ಮದುವೆಗೆ, ಹಬ್ಬಕ್ಕೆ ಹೆಂಗಸರು ತೊಡುವ ಲೇಸಿನ ಮೇಲಂಗಿ ಅದು. ಈಚೆಗೆ ಹುಡುಗಿಯರು ಅವಳ ಹತ್ತಿರ ಬರುವುದು ಕಡಿಮೆಯಾಗಿತ್ತು. ಹೊಲಿಗೆ ಶಾಲೆಯಲ್ಲಿ ಅವಳೇ ಮೊದಲನೆಯವಳು. ಪಕ್ಕದಲ್ಲಿ ಕೂರುತ್ತಿದ್ದ ಪ್ರತೀವಿ ಕೊನೆಯವಳು. ಅವಳು ಸೊಟ್ಟಗೆ ಹಾಕಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿಕೊಟ್ಟದ್ದು ಸುಮಿರಾಳೇ.

ಈಗ ಪ್ರತೀವಿ ಊರೂರು ತಿರುಗಿ, ಬದುಕಿನಲ್ಲಿ ಮುಂದೆ ಬರುವುದು ಹೇಗೆಂದು ಹುಡುಗ ಹುಡುಗಿಯರಿಗೆ ಹೇಳುತ್ತಿದ್ದಳು. ಒಮ್ಮೆ ತಮ್ಮ ಹಳೆಯ ಶಾಲೆಗೇ ಬಂದಳು. ಸುಮಿರಾ ಹೋಗಿ ಕೊನೆಯ ಸಾಲಿನಲ್ಲಿ ಕುಳಿತಳು.

“ಕೆಲಸ ಕೇಳೋಕೆ ಹೋಗೋ ಹಿಂದಿನ ದಿನಾನೇ ದಾರಿ ನೋಡ್ಕೊಂಡು ಬನ್ನಿ. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ,” ಎಂದಳು ಪ್ರತೀವಿ. “ಈ ಶಾಲೇಲಿ ನಾನು ಕೊನೆಯವಳು!”

ಹುಡುಗಿಯರು ಚಪ್ಪಾಳೆ ತಟ್ಟಿದರು. ಸುಮಿರಾಳ ಹೊಟ್ಟೆ ಉರಿದುಹೋಯಿತು. ಕೊನೆಯವಳಾಗಿದ್ದಕ್ಕೂ ಚಪ್ಪಾಳೆಯೇ? ಮೊದಲನೆಯವಳು ಇಲ್ಲೇ ಕೂತಿದ್ದಾಳೆ, ಕೇಳುವವರಿಲ್ಲ.

ಭಾಷಣ ಮುಗಿದ ಮೇಲೆ ಪ್ರತೀವಿ ನೇರವಾಗಿ ಅವಳ ಹತ್ತಿರ ಬಂದಳು. “ಸುಮಿ, ನಿಜ ಹೇಳೇ. ಎಲ್ಲೆಲ್ಲಿ ಚೆನ್ನಾಗಿರ್ಲಿಲ್ಲ?”

ಇದಕ್ಕಾಗಿಯೇ ಕಾದಿದ್ದವಳಂತೆ ಸುಮಿರಾ ಶುರುಮಾಡಿದಳು. “ಮಾತು ಮಾತಿಗೂ ಮೂಗು ಮುಟ್ಕೋತೀಯ. ಹಿಂದೆ ಕೂತೋರಿಗೆ ಅರ್ಧ ಕೇಳ್ಸಲ್ಲ. ನಿನ್ನ ಜೋಕಿಗೆ ನೀನೇ ಮೊದ್ಲು ನಗ್ತೀಯ…”

ಪ್ರತೀವಿ ಪುಸ್ತಕ ತೆಗೆದು ಒಂದೊಂದನ್ನೂ ಬರೆದುಕೊಂಡಳು. “ಹನ್ನೊಂದಾಯ್ತು. ಇನ್ನೇನಾದ್ರೂ ಇದ್ಯಾ?”

“ನಿಂಗೆ ಬೇಜಾರಾಗಲ್ವೇನೇ?”

“ಆಗುತ್ತಪ್ಪ. ಮೂರು ದಿನ ಊಟ ಸೇರಲ್ಲ. ಆಮೇಲೆ ಕೂತು ತಿದ್ಕೋತೀನಿ. ಎಲ್ರನ್ನೂ ಕೇಳ್ತೀನಿ, ನಿನ್ನಷ್ಟು ಚೆನ್ನಾಗಿ ಯಾರೂ ಬೈಯಲ್ಲ.”

ಕೆಲವು ತಿಂಗಳ ನಂತರ ಪ್ರತೀವಿಯ ಇನ್ನೊಂದು ಭಾಷಣವನ್ನು ಸುಮಿರಾ ಫೋನಿನಲ್ಲಿ ನೋಡಿದಳು. ಹನ್ನೊಂದರಲ್ಲಿ ಒಂಬತ್ತು ತಪ್ಪು ಮಾಯವಾಗಿದ್ದವು. ನನ್ನ ಬಾಯಿಂದಲೇ ಅವಳನ್ನು ಇನ್ನಷ್ಟು ಮೇಲೇರಿಸಿದೆನಲ್ಲ ಎಂದು ಸುಮಿರಾ ಇಡೀ ದಿನ ಮನೆಯವರ ಮೇಲೆ ಸಿಡಿಮಿಡಿಗೊಂಡಳು.

ಅದೇ ವಾರ ಪಕ್ಕದ ಮನೆಯ ವಿನಾರ್ಸಿ ಎಂಬ ಹುಡುಗಿ, ಬೇರೆಲ್ಲೋ ಹೊಲಿಸಿದ್ದ ಕೆಬಾಯಕ್ಕೆ ಗುಂಡಿ ಹಾಕಿಸಲು ಬಂದಳು. ಸುಮಿರಾ ತಡೆಯಲಾರದೆ ಕೇಳಿದಳು: “ನನ್ನ ಹತ್ರ ಯಾಕೆ ಹೊಲಿಸ್ಲಿಲ್ಲ? ಸಂಕೋಚ ಬೇಡ, ಹೇಳು.”

ಹುಡುಗಿ ಕಾಲುಬೆರಳು ನೋಡಿಕೊಂಡಳು. “ನೀವು ಹೊಲಿದಿದ್ದು ಹಾಕ್ಕೊಂಡ್ರೆ ಕೈ ಎತ್ತೋಕಾಗಲ್ಲ, ಅಕ್ಕ. ಬೊಂಬೆ ಥರ ನಿಂತಿರ್ಬೇಕು ಅಂತಾರೆ ಅಮ್ಮ.”

“ನಿಮ್ಮಮ್ಮನ ತೋಳೇ ದಪ್ಪ!” ಎಂದುಬಿಟ್ಟಳು ಸುಮಿರಾ. ಗುಂಡಿ ಹಾಕಿ ಕಳಿಸಿದಳು. ಮೂರಲ್ಲ, ಐದು ದಿನ ಅವಳಿಗೆ ಅನ್ನ ಸೇರಲಿಲ್ಲ. ಆರನೆಯ ದಿನ ತಾನೇ ಹೊಲಿದ ಕೆಬಾಯ ತೊಟ್ಟು, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದಳು. ಕಂಕುಳಲ್ಲಿ ಹೊಲಿಗೆ ಪರ್ರೆಂದಿತು. ಶಾಲೆಯಲ್ಲಿ ಬಹುಮಾನ ತಂದಿದ್ದ, ಇಷ್ಟು ವರ್ಷವೂ ಬಟ್ಟೆ ಕತ್ತರಿಸಲು ಬಳಸುತ್ತಿದ್ದ ಅಳತೆಯ ಕಾಗದವನ್ನು ಹರಿದು, ಹೊಸದು ಕತ್ತರಿಸಿದಳು. ಸರಿಹೋಗಲು ತಿಂಗಳು ಹಿಡಿಯಿತು. ಹುಡುಗಿಯರು ಮೆಲ್ಲನೆ ಮತ್ತೆ ಬರತೊಡಗಿದರು. ವಿನಾರ್ಸಿಯ ಅಮ್ಮನೂ ಬಂದಳು.

ಹಬ್ಬಕ್ಕೆ ಮುಂಚೆ ಪ್ರತೀವಿಯೂ ಬಟ್ಟೆ ತಂದಳು. ಸೊಂಟದ ಹತ್ತಿರ ಒಂದು ಬೆರಳು ಬಿಗಿ ಮಾಡಿಬಿಡಲೇ ಎಂದು ಹೊಲಿಯುವಾಗ ಸುಮಿರಾಗೆ ಎರಡು ಸಲ ಅನಿಸಿತು. ಮಾಡಲಿಲ್ಲ. ಹೊಲಿದದ್ದನ್ನು ತೊಟ್ಟು ಪ್ರತೀವಿ ಕನ್ನಡಿಯ ಮುಂದೆ ತಿರುಗಿ ನೋಡಿಕೊಂಡಳು.

“ಏನು ಸರಿಯಿಲ್ಲ, ಹೇಳು,” ಎಂದಳು ಸುಮಿರಾ, ಹಲ್ಲು ಕಚ್ಚಿಕೊಂಡು.

“ಕುತ್ತಿಗೆ ಒಂಚೂರು ಅಗಲ ಆಯ್ತೇನೋ.”

ನಿಜವಾಗಿಯೂ ಅಗಲವಾಗಿತ್ತು. ಶಾಲೆಯಲ್ಲಿ ತನ್ನ ಹೊಲಿಗೆಯ ಸೊಟ್ಟೂ ಕಾಣದಿದ್ದ ಕಣ್ಣು ಇದನ್ನು ಹೇಗೆ ಕಂಡಿತೆಂದು ಸುಮಿರಾಳ ಹೊಟ್ಟೆ ಮತ್ತೆ ಉರಿಯಿತು. ಸೀಮೆಸುಣ್ಣ ತೆಗೆದುಕೊಂಡು, ಕುತ್ತಿಗೆಯಲ್ಲಿ ಸರಿಮಾಡಬೇಕಾದ ಕಡೆ ಗುರುತು ಹಾಕಿದಳು.