ಕಿವಿಯಲ್ಲಿ ಏನು ಹೇಳಲಿ?

ಇವತ್ತು ಬೆಳಿಗ್ಗೆ ನಮ್ಮ ಕಟ್ಟಡದ ಮೆಟ್ಟಿಲು ತೊಳೆದರು. ನೀರಿಗೆ ಬ್ಲೀಚ್ ಸ್ವಲ್ಪ ಜಾಸ್ತಿಯೇ ಸುರಿದಿರಬೇಕು, ಬಾಗಿಲು ಹಾಕಿದ್ದರೂ ವಾಸನೆ ಅಡುಗೆಮನೆಯವರೆಗೆ ಬಂತು. ದೋಹಾದ ಈ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟುಗಳಲ್ಲಿ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು ಇದ್ದೇ ಇರುತ್ತದೆ. ಪಕ್ಕದ ಮನೆಯ ಮೀನು ಹುರಿದ ವಾಸನೆ, ಮೇಲಿನ ಮನೆಯ ಅಗರಬತ್ತಿ ಎಲ್ಲ ಅಲ್ಲಿಂದಲೇ ಒಳಗೆ ಬರುವುದು. ಗಂಡ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಎದ್ದರು. ಬೇಡ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಆ ವಾಸನೆಗೆ ನನಗೆ ಯಾರು ನೆನಪಾಗುತ್ತಾರೆಂದು ಅವರಿಗೆ ಗೊತ್ತು.

ನಾವು ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಕ್ಯೂಬಾ ದೇಶದವರು, ಅವರ ಸರಕಾರವೇ ಕತಾರಿಗೆ ಕಳಿಸಿದ್ದು, ದುಖಾನಿನ ಆಸ್ಪತ್ರೆಯಲ್ಲಿ ನರ್ಸ್. ಆಗ ನಮ್ಮದೂ ದುಖಾನ್, ಗಂಡನ ಕಂಪನಿಯ ಕ್ವಾರ್ಟರ್ಸು. ಒಂದು ಕಡೆ ಸಮುದ್ರ, ಉಳಿದ ಕಡೆಯೆಲ್ಲ ಎಣ್ಣೆಬಾವಿ. ಒಂದು ಒಳ್ಳೆ ತೆಂಗಿನಕಾಯಿ ಬೇಕೆಂದರೂ ದೋಹಾದ ದಾರಿ ನೋಡಬೇಕು. ಸಿಸ್ಟರಿಗೆ ಐವತ್ತು ದಾಟಿತ್ತು. ಗಿಡ್ಡ ಮೈ, ಗಂಡಸರ ಹಾಗೆ ಕತ್ತರಿಸಿದ ಕೂದಲು, ಬಸ್ಸು ತಪ್ಪಿದವರ ನಡಿಗೆ. ಸಂಜೆ ಡ್ಯೂಟಿ ಮುಗಿಸಿ ಸಮುದ್ರದ ಬದಿಗೆ ವಾಕಿಂಗ್ ಬರುತ್ತಿದ್ದರು. ಅಲ್ಲಿ ಅವರ ಗೆಳೆತನ ಮಾಡಿಕೊಂಡದ್ದು ನಾನಲ್ಲ, ನನ್ನ ಅಮ್ಮ.

ಅಮ್ಮ ಕಾಪುವಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅವಳಿಗೆ ತುಳು ಬಿಟ್ಟರೆ ಅಷ್ಟಿಷ್ಟು ಕನ್ನಡ, ಸಿಸ್ಟರಿಗೆ ಸ್ಪ್ಯಾನಿಷ್ ಬಿಟ್ಟರೆ ಅಷ್ಟಿಷ್ಟು ಇಂಗ್ಲಿಷ್. ಆದರೂ ಇಬ್ಬರೂ ಕೈ ಹಿಡಿದುಕೊಂಡು ಆ ಮರಳಿನಲ್ಲಿ ಗಂಟೆಗಟ್ಟಲೆ ಮಾತಾಡಿಕೊಂಡು ನಡೆಯುವುದು.

"ಎಂತ ಮಾತಾಡಿದ್ದು ಅಷ್ಟೊತ್ತು?" ಎಂದು ಒಂದು ದಿನ ಕೇಳಿದೆ.

"ಅವಳ ಮಗಳ ಸುದ್ದಿ. ಇನ್ನೂ ಮದುವೆ ಆಗಿಲ್ಲವಂತೆ."

"ಅದು ನಿನಗೆ ಹೇಗೆ ಗೊತ್ತಾಯಿತು?"

"ತಾಯಿ ಮುಖ ನೋಡಿದರೆ ಗೊತ್ತಾಗುವುದಿಲ್ಲವಾ, ಮಾರಾಯ್ತಿ."

ವಿಚಾರಿಸಿದರೆ ನಿಜವಾಗಿಯೂ ಆಗಿರಲಿಲ್ಲ. ಅಮ್ಮನ ವಿದ್ಯೆ ಅಂಥದ್ದು.

ಸಿಸ್ಟರಿನ ಮನೆದೇವರು ಯಾರೆಂದು ಕೇಳು ಎಂದು ಅಮ್ಮನದೇ ಒತ್ತಾಯ. ಕೇಳಿದೆ. ಅವರು ಗಲ್ಫಿಗೆ ಬಂದ ಮೇಲೆ ಕಲಿತ ಅರಬ್ಬಿಯನ್ನು ಇಂಗ್ಲಿಷಿಗೆ ಬೆರೆಸಿ, ಕೈ ಕೊಡವಿ, "ಗಾಡ್ ಮಾಫಿ" ಎಂದರು. ದೇವರಿಲ್ಲ, ಅಷ್ಟೇ. ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಎನ್ನುವ ಧಾಟಿ. ನಾನು ಗಾಬರಿಯಾಗಿ ಸುತ್ತ ನೋಡಿದೆ. "ಮೆಲ್ಲಗೆ ಸಿಸ್ಟರ್, ಇದು ನಿಮ್ಮ ಊರಲ್ಲ" ಎಂದೆ. ಅಮ್ಮನಿಗೆ ತರ್ಜುಮೆ ಮಾಡಿ ಹೇಳಿದಾಗ ಅವಳು ಬೈಯಲಿಲ್ಲ. "ಪಾಪ" ಎಂದು ಸಿಸ್ಟರಿನ ಕೈ ಸವರಿದಳು, ಅವರ ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ.

ಸಿಸ್ಟರ್ ಹುಟ್ಟಿ ಬೆಳೆದ ಕಾಲದಲ್ಲಿ ಅಲ್ಲಿನ ಸರಕಾರವೇ ದೇವರಿಲ್ಲ ಎಂದಿತ್ತಂತೆ. ಶಾಲೆಯಲ್ಲಿ ಹಾಗೇ ಕಲಿಸಿದರು. ಕ್ರಿಸ್‌ಮಸ್ಸಿಗೆ ರಜೆ ಇರಲಿಲ್ಲ. ಇಗರ್ಜಿಗೆ ಹೋಗುವವರಿಗೆ ಪಾರ್ಟಿಯಲ್ಲಿ ಜಾಗವಿಲ್ಲ, ಒಳ್ಳೆಯ ಹುದ್ದೆ ಸಿಗುವುದೂ ಕಷ್ಟ. ಅವರ ಅಜ್ಜಿ ಒಬ್ಬ ಸಂತನ ಸಣ್ಣ ಮೂರ್ತಿಯನ್ನು ಬಟ್ಟೆಗಳ ಹಿಂದೆ ಅಡಗಿಸಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ದೀಪ ಹಚ್ಚುತ್ತಿದ್ದರಂತೆ. ಆಗ ಹೊರಗೆ ಕಾವಲು ನಿಲ್ಲುತ್ತಿದ್ದುದು ಮೊಮ್ಮಗಳು. "ನಾನು ಸರಕಾರ ಹೇಳಿದ್ದನ್ನೇ ನಂಬಿದೆ. ಈಗಲೂ ಅದನ್ನೇ ನಂಬುತ್ತೇನೆ. ಆದರೆ ಅಜ್ಜಿಯ ಕಾವಲು ಬಿಡಲಿಲ್ಲ" ಎಂದು ಅವರ ಮುರುಕು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ಆ ಮಾತು ಆ ದಿನ ನನ್ನ ತಲೆಗೆ ಇಳಿಯಲಿಲ್ಲ.

ಅಷ್ಟರಲ್ಲಿ ಕೊರೋನಾ ಬಂತು. ವಿಮಾನ ನಿಂತಿತು. ಊರಿಗೆ ಹೊರಡಲು ಪೆಟ್ಟಿಗೆ ಕಟ್ಟಿಟ್ಟಿದ್ದ ಅಮ್ಮ ಇಲ್ಲೇ ಉಳಿದಳು. ಸಿಸ್ಟರ್ ಒಮ್ಮೆ ಬಂದವರು ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತರು. ಬ್ಲೀಚ್ ನೀರಿನಲ್ಲಿ ಅದ್ದಿದ ಒಂದು ದಪ್ಪ ಬಟ್ಟೆಯನ್ನು ತಂದು ನಮ್ಮ ಹೊಸ್ತಿಲ ಮೇಲೆ ಹಾಸಿ, ಹೊರಗಿಂದ ಬಂದವರೆಲ್ಲ ಚಪ್ಪಲಿ ಇದರ ಮೇಲೆ ಒತ್ತಿಯೇ ಬರಬೇಕು ಎಂದರು. ಅವರ ಊರಿನಲ್ಲಿ ಈಗ ಮನೆಮನೆಗೂ ಇದೇ ಕ್ರಮವಂತೆ. ದಿನಾ ಬೆಳಿಗ್ಗೆ ಡಾಕ್ಟರಿಕೆ ಓದುವ ಮಕ್ಕಳು ಬಾಗಿಲು ಬಡಿದು, ಜ್ವರ ಉಂಟಾ, ಕೆಮ್ಮು ಉಂಟಾ ಎಂದು ಕೇಳಿ ಹೋಗುತ್ತಾರಂತೆ, ಸರಕಾರದ ಅಪ್ಪಣೆ.

ಅಮ್ಮ ಕೆಂಡವಾದಳು. ಹೊಸ್ತಿಲ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಚಪ್ಪಲಿ! ಲಕ್ಷ್ಮಿ ಬರುವ ಜಾಗವಂತೆ ಅದು. ಇಬ್ಬರ ನಡುವೆ ಸಿಕ್ಕಿ ನಾನು ತಡವರಿಸುತ್ತಾ ವಿವರಿಸಿದೆ. ಸಿಸ್ಟರ್ ವಾದ ಮಾಡಲಿಲ್ಲ. ಬಗ್ಗಿ ಬಟ್ಟೆಯನ್ನು ಹೊಸ್ತಿಲಿನಿಂದ ಒಂದು ಹೆಜ್ಜೆ ಹೊರಗೆ ಎಳೆದರು. "ಚಪ್ಪಲಿ ತುಳಿದರೆ ಸಾಕು. ಎಲ್ಲಿ ಅಂತ ವೈರಸ್ ಕೇಳುವುದಿಲ್ಲ. ಖಲಾಸ್?" ಎಂದರು. ಅಮ್ಮ ಗೆದ್ದವಳ ಹಾಗೆ ಒಳಗೆ ಹೋದಳು. ಆ ವಾಸನೆ ನಮ್ಮ ಮನೆಗೆ ಅಂಟಿದ್ದು ಆವಾಗ.

ಅಷ್ಟು ಮಾಡಿಯೂ ಅಮ್ಮನಿಗೆ ಬಂತು. ಯಾರಿಂದ ಬಂತೋ, ಹೇಗೆ ಬಂತೋ... ಆಂಬುಲೆನ್ಸಿನಲ್ಲಿ ಬಂದವರು ಮೈಯೆಲ್ಲ ಮುಚ್ಚಿದ ಬಿಳಿ ಉಡುಪಿನಲ್ಲಿದ್ದರು. ಅಮ್ಮ ನನ್ನ ಸೆರಗು ಬಿಡಲಿಲ್ಲ, ನಾನೇ ಬಿಡಿಸಿದೆ. ಜೊತೆಗೆ ಹೋಗುವಂತಿರಲಿಲ್ಲ. ಅವಳನ್ನು ಸೇರಿಸಿದ್ದು ಸಿಸ್ಟರ್ ಇದ್ದ ವಾರ್ಡಿಗೇ ಎಂದು ಗೊತ್ತಾದಾಗ ಕೈಮುಗಿದೆ.

ಸಂಜೆಯೇ ಸಿಸ್ಟರಿನ ಫೋನು. ಬಿಪಿ ಮಾತ್ರೆ ಯಾವುದು, ಯಾವ ಮದ್ದು ಆಗುವುದಿಲ್ಲ, ಹಲ್ಲಿನ ಸೆಟ್ ಉಂಟಾ, ಕಿವಿ ಸರಿ ಕೇಳುತ್ತದಾ ಎಂದೆಲ್ಲ ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅದೇ ಸ್ವರದಲ್ಲಿ, "ಅವರ ಕೊನೆಯ ಹೊತ್ತು ಬಂದರೆ ಕಿವಿಯಲ್ಲಿ ಏನು ಹೇಳಲಿ?" ಎಂದರು.

ನನ್ನ ಮೈ ಉರಿದುಹೋಯಿತು. ಆಸ್ಪತ್ರೆಗೆ ಸೇರಿಸಿ ಅರ್ಧ ದಿನ ಆಗಿಲ್ಲ, ಬಾಯಲ್ಲಿ ಬರುವ ಮಾತಾ ಇದು? "ಬಿಡ್ತು ಅನ್ನಿ" ಎಂದು ಕನ್ನಡದಲ್ಲೇ ಕಿರುಚಿದೆ. ಅವರಿಗೆ ಏನು ಅರ್ಥವಾಗಬೇಕು. ಫೋನು ಇಟ್ಟುಬಿಟ್ಟೆ. "ದೇವರನ್ನೇ ಕಾಣದವರಿಗೆ ಶಕುನ ಎಂತದು, ಅಪಶಕುನ ಎಂತದು" ಎಂದು ಗಂಡನ ಮುಂದೆ ಹಾರಾಡಿದೆ. ನಮ್ಮಲ್ಲಿ ಕಾಯಿಲೆಯವರ ಎದುರು ಸಾವಿನ ಹೆಸರೆತ್ತಿದರೆ ಸಾವನ್ನು ಕರೆದ ಹಾಗೆ. ಹಾಗೆ ನಂಬಿ ಬೆಳೆದವಳು ನಾನು. ಗಂಡ, "ಅವರು ಅವರ ಕೆಲಸ ಮಾಡುತ್ತಿದ್ದಾರೆ" ಎಂದರು. ಅವರೊಂದಿಗೂ ಮಾತು ಬಿಟ್ಟೆ.

ಸಿಸ್ಟರ್ ಮಾತ್ರ ಪ್ರತಿದಿನ ಫೋನು ಮಾಡುವುದನ್ನು ಬಿಡಲಿಲ್ಲ. ಇವತ್ತು ಗಂಜಿ ಕುಡಿದರು, ಇವತ್ತು ಆಕ್ಸಿಜನ್ ಹೆಚ್ಚಿಸಿದ್ದೇವೆ, ಇವತ್ತು ನಿಮ್ಮ ಹೆಸರು ಕರೆದರು. ಇಷ್ಟೇ. ಆ ಪ್ರಶ್ನೆ ಮತ್ತೆ ಎತ್ತಲಿಲ್ಲ. ಒಮ್ಮೆ ವಿಡಿಯೊದಲ್ಲಿ ಅಮ್ಮನನ್ನು ತೋರಿಸಿದರು. ಮಾಸ್ಕಿನೊಳಗೆ ಅಮ್ಮನ ಮುಖ ಇಷ್ಟೇ ಇಷ್ಟು. ನನಗೆ ಅಳು ಬಂದು ಒಂದು ಮಾತೂ ಹೊರಡಲಿಲ್ಲ. ಮರುದಿನ ಅವಳಿಗೆ ವೆಂಟಿಲೇಟರ್ ಹಾಕಿದರು.

ಆಗ ನಾನೇ ಫೋನು ಮಾಡಿದೆ. "ಅವತ್ತು ಯಾಕೆ ಹಾಗೆ ಕೇಳಿದಿರಿ?" ಎಂದೆ.

ಅವರು ಹೇಳಿದರು. ಅವರು ಹೊಸತಾಗಿ ನರ್ಸ್ ಆದಾಗ ಏಡ್ಸ್ ಬಂದಿತ್ತು. ಆಗ ಅದಕ್ಕೆ ಮದ್ದಿಲ್ಲ. ಅವರ ಸರಕಾರ ಜನರ ರಕ್ತ ಪರೀಕ್ಷೆ ಮಾಡಿಸಿ, ವೈರಸ್ ಇದ್ದವರನ್ನೆಲ್ಲ ದೊಡ್ಡ ಕಾಂಪೌಂಡಿನೊಳಗೆ ಸೇರಿಸಿ ಇಟ್ಟುಕೊಂಡಿತು. ಹೊರಗಿನವರಿಗೆ ಸಿಗದ ಹಾಲು, ಮೊಟ್ಟೆ, ಮಾಂಸ ಅವರಿಗೆ ಕೊಟ್ಟಿತು. ಸಂಬಳ ನಿಲ್ಲಿಸಲಿಲ್ಲ. ಗೇಟು ಮಾತ್ರ ಮುಚ್ಚಿತ್ತು. ಸಿಸ್ಟರಿಗೆ ಕೆಲಸ ಸಿಕ್ಕಿದ್ದು ಆ ಗೇಟಿನ ಒಳಗೆ.

"ಸರಕಾರ ಮಾಡಿದ್ದು ಸರಿಯಾ ಸಿಸ್ಟರ್?"

"ಬೇರೆ ಕಡೆ ಹರಡಿದ ಹಾಗೆ ನಮ್ಮಲ್ಲಿ ರೋಗ ಹರಡಲಿಲ್ಲ. ಅದು ಸರಿ. ಆದರೆ ಆ ಗೇಟು..." ಎಂದು ನಿಲ್ಲಿಸಿದರು.

ಅಲ್ಲಿ ಒಬ್ಬ ರೋಗಿ ಸಾಯುವ ಹೊತ್ತಿಗೆ ಇವರ ಕೈ ಹಿಡಿದು, ತನ್ನ ತಾಯಿ ಹೇಳುತ್ತಿದ್ದ ಪ್ರಾರ್ಥನೆಯನ್ನು ಒಂದು ಸಾಲಾದರೂ ಹೇಳು ಎಂದನಂತೆ. "ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಯಾರೂ ಕಲಿಸಿರಲಿಲ್ಲ. ಅಜ್ಜಿ ಕೋಣೆಯ ಒಳಗೆ ಹೇಳುತ್ತಿದ್ದಾಗ ನಾನು ಹೊರಗೆ ಕಾವಲಿದ್ದೆ. ಅವನು ಕಾದ... ಕಾದೇ ಹೋದ. ಮನೆಯವರನ್ನು ಒಳಗೆ ಬಿಡುವುದಿಲ್ಲ ಎಂದ ಮೇಲೆ ಅವರ ಮಾತನ್ನಾದರೂ ಒಳಗೆ ತರಬೇಕಲ್ಲ. ಆಮೇಲೆ ಯಾವ ದೇಶಕ್ಕೆ ಕಳಿಸಿದರೂ ನಾನು ಮೊದಲೇ ಕೇಳಿಟ್ಟುಕೊಳ್ಳುತ್ತೇನೆ. ಕೊನೆಗೆ ಕೇಳಲು ಸಮಯ ಇರುವುದಿಲ್ಲ. ಬೈಯುವವರು ಬೈಯುತ್ತಾರೆ."

ನನ್ನ ಹೊಟ್ಟೆಯೊಳಗೆ ಇದ್ದ ಹೆದರಿಕೆಯೂ ಅದೇ ಆಗಿತ್ತು, ಹೇಳಲು ಬಾಯಿರಲಿಲ್ಲ ಅಷ್ಟೇ. ಅಮ್ಮ ಬದುಕಲಿ ಎಂದು ಹರಕೆ ಹೊತ್ತಿದ್ದೆ. ಆದರೆ ಹೋದರೆ? ಬಾಯಿಗೆ ನೀರು ಬಿಡಲು ಮಕ್ಕಳಿಲ್ಲದೆ, ಕಿವಿಯಲ್ಲಿ ದೇವರ ಹೆಸರು ಬೀಳದೆ, ಅನಾಥಳ ಹಾಗೆ ಹೋಗಿಬಿಟ್ಟರೆ? ತುಳಸಿ ನೀರಿನ ಒಂದು ಸಣ್ಣ ಶೀಶೆ ಕಳಿಸಲೇ ಎಂದು ಕೇಳಿದೆ.

"ಮಾಫಿ. ಹೊರಗಿನ ವಸ್ತು ವಾರ್ಡಿಗೆ ಬರುವಂತಿಲ್ಲ. ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅದನ್ನು ಮಾಡಲಾರೆ" ಎಂದರು. ಸ್ವರದಲ್ಲಿ ಒಂದಿಷ್ಟೂ ಸಡಿಲವಿಲ್ಲ. ಆಮೇಲೆ, "ಆದರೆ ದಿನಾ ಒದ್ದೆ ಬಟ್ಟೆಯಲ್ಲಿ ಅವರ ತುಟಿ, ನಾಲಿಗೆ ಒರೆಸುತ್ತೇನೆ. ಅದು ನನ್ನ ಕೆಲಸ. ಆ ನೀರು ನಿಮ್ಮದು ಎಂದು ಇಟ್ಟುಕೊಳ್ಳಿ. ಮಾತು ಹೇಳಿ, ಅದನ್ನು ತರಲು ಅಡ್ಡಿಯಿಲ್ಲ" ಎಂದರು.

ಹೇಳಿದೆ. ನಾರಾಯಣ ಎಂದು ಮೂರು ಸಲ. ಮತ್ತೆ ತುಳುವಿನಲ್ಲಿ, "ಅಮ್ಮಾ, ಯಾನ್ ಮುಲ್ಪ ಉಲ್ಲೆ." ಅಮ್ಮಾ, ನಾನು ಇಲ್ಲಿದ್ದೇನೆ ಎಂದು.

ಅವರು ಕಲಿತ ಚಂದವನ್ನು ಏನೆಂದು ಹೇಳಲಿ. ದಿನಾ ಫೋನಿನಲ್ಲಿ ನನಗೆ ಪಾಠ ಒಪ್ಪಿಸುತ್ತಿದ್ದರು. ಣಕಾರ ಅವರ ನಾಲಿಗೆಗೆ ಬಗ್ಗುತ್ತಿರಲಿಲ್ಲ. ಸಾಕು ಸಿಸ್ಟರ್, ದೇವರಿಗೆ ಗೊತ್ತಾಗುತ್ತದೆ ಎಂದರೆ, "ದೇವರ ವಿಷಯ ನನಗೆ ಗೊತ್ತಿಲ್ಲ, ಅಮ್ಮನಿಗೆ ಗೊತ್ತಾಗಬೇಕು" ಎಂದು ಮತ್ತೆ ಹೇಳುತ್ತಿದ್ದರು. ಆ ಮುಸುಕು, ಆ ಕನ್ನಡಕ, ಮುಖದ ಮೇಲೆ ಬರೆ ಬೀಳುವ ಆ ಮಾಸ್ಕು, ಅಷ್ಟು ಜನ ರೋಗಿಗಳು. ಅದರ ನಡುವೆ ತಾನು ನಂಬದ ಒಂದು ಹೆಸರನ್ನು, ಹಾಸಿಗೆಯಿಂದ ಹಾಸಿಗೆಗೆ ಹೋಗುವಾಗ ಬಾಯಲ್ಲಿ ಉರು ಹೊಡೆಯುವ ಹೆಂಗಸು... ಭಜನೆ, ಕೋಲ, ಕಟ್ಟೆಪೂಜೆಗಳ ನಡುವೆಯೇ ಬೆಳೆದವಳು ನಾನು. ಆ ಹೆಸರನ್ನು ಅಷ್ಟು ಜತನದಿಂದ ಬಾಯಿಗೆ ತೆಗೆದುಕೊಂಡವರನ್ನು ಅದುವರೆಗೆ ಕಂಡಿರಲಿಲ್ಲ.

ಅಮ್ಮ ಹೋದದ್ದು ಒಂದು ಮಧ್ಯಾಹ್ನ. ನಮಗೆ ಫೋನು ಹಚ್ಚುವಷ್ಟೂ ವ್ಯವಧಾನ ಕೊಡಲಿಲ್ಲವಂತೆ. ಸಿಸ್ಟರ್ ಹತ್ತಿರವೇ ಇದ್ದರು. "ತುಟಿ ಒರೆಸಿದೆ. ಮೊದಲು ನಿಮ್ಮದು ಹೇಳಿದೆ, ಆಮೇಲೆ ದೇವರದ್ದು. ಎಲ್ಲ ಹೇಳಿದೆ" ಎಂದರು. ಆ ಕಡೆಯಿಂದ ಅಳು ಕೇಳಿಸಿತು.

ಊರಿಗೆ ಕಳಿಸುವಂತಿರಲಿಲ್ಲ. ಇಲ್ಲಿನ ಮಣ್ಣಿಗೇ ಕೊಟ್ಟೆವು. ಕಾಪುವಿನಲ್ಲಿ ಅಣ್ಣ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಬಾಯಿಗೆ ನೀರು ಬಿಟ್ಟವರು ಉಂಟಾ?" ಉಂಟು ಎಂದೆ. ಯಾರು ಎಂದ. ಅಮ್ಮನ ಗೆಳತಿ ಎಂದೆ.

ತುಂಬ ದಿನಗಳ ನಂತರ ಸಮುದ್ರದ ಬದಿಯಲ್ಲಿ ದೂರ ದೂರ ನಿಂತು ಮಾತಾಡಿದೆವು. "ನಿಮಗೆ ಸುಳ್ಳು ಹೇಳಿದ ಹಾಗೆ ಆಗಲಿಲ್ಲವಾ ಸಿಸ್ಟರ್?" ಎಂದು ಕೇಳಿಯೇಬಿಟ್ಟೆ.

"ದೇವರದ್ದು ಅಮ್ಮನ ಮಾತು, ನಾನು ತಲುಪಿಸಿದ್ದು ಅಷ್ಟೇ. ಇನ್ನೊಂದು, ನಾನು ಇಲ್ಲಿದ್ದೇನೆ ಅಂತ... ಅದು ಸುಳ್ಳು ಹೇಗೆ? ನಾನು ಅಲ್ಲೇ ಇದ್ದೆನಲ್ಲ."

ಅವರ ಮುಂದೆ ಅಳಬಾರದು ಎಂದುಕೊಂಡು ಬಂದಿದ್ದೆ. ಆಗಲಿಲ್ಲ.

ಮುಂದೆ ಅವರ ಸರಕಾರ ವಾಪಸು ಕರೆಯಿತು. ಕರೆದರೆ ಹೋಗಬೇಕು, ಅವರಲ್ಲಿ ಅದು ಹಾಗೆ. ನಾವೂ ದೋಹಾಕ್ಕೆ ಬಂದೆವು. ಆಗೊಮ್ಮೆ ಈಗೊಮ್ಮೆ ಮೆಸೇಜು, ಮಗಳ ಮದುವೆಯ ಫೋಟೊ. ನಡುವೆ ಎಷ್ಟೋ ತಿಂಗಳು ಏನೂ ಇರುತ್ತಿರಲಿಲ್ಲ... ಕಳೆದ ತಿಂಗಳು ಅವರ ನಂಬರಿನಿಂದ ಬಂದ ಮೆಸೇಜು ಮಗಳದ್ದಾಗಿತ್ತು. ತಾಯಿ ಹೃದಯಾಘಾತದಿಂದ ತೀರಿಕೊಂಡರು ಎಂದಿತ್ತು. ಈಗ ಅಲ್ಲಿ ಇಗರ್ಜಿಗೆ ಹೋಗಲು ಯಾರ ಅಡ್ಡಿಯೂ ಇಲ್ಲ, ಮಗಳೇ ಹೋಗುತ್ತಾಳಂತೆ. ಆದರೂ ಪಾದ್ರಿಯನ್ನು ಕರೆಯಬಾರದು, ಪ್ರಾರ್ಥನೆ ಬೇಡ, ಆಮೇಲೆಯೂ ಯಾರೂ ಏನೂ ಮಾಡಕೂಡದು ಎಂದು ತಾಯಿ ಹೇಳಿಟ್ಟಿದ್ದರು, ನಾನು ಕೈ ಹಿಡಿದು ಕೂತಿದ್ದೆ ಅಷ್ಟೇ, ಎಂದು ಬರೆದಿದ್ದಳು.

ಇವತ್ತು ಅಮ್ಮನಿಗೆ ಬಡಿಸುವ ದಿನ. ತೀರಿಹೋದವರಿಗೆ ವರ್ಷಕ್ಕೊಮ್ಮೆ ಬಾಳೆಲೆ ಹಾಕಿ, ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುವುದು ನಮ್ಮ ಮನೆಯ ಕ್ರಮ. ಮಲಯಾಳಿ ಅಂಗಡಿಯಿಂದ ಗಂಡ ಎಲೆಯ ಕಟ್ಟು ತಂದಿದ್ದರು. ಕೋರಿರೊಟ್ಟಿ, ಬಂಗುಡೆ ಪುಳಿಮುಂಚಿ ಎಲ್ಲ ಆಯಿತು. ಅಮ್ಮನ ಎಲೆ ಹಾಸುವಾಗ ಗಂಡ ಇನ್ನೊಂದು ಎಲೆ ತೊಳೆದು ಕೈಯಲ್ಲಿ ಹಿಡಿದು ನಿಂತಿದ್ದರು.

"ಸಿಸ್ಟರಿಗೂ ಒಂದು ಹಾಕುವುದಲ್ವಾ?"

ನನಗೆ ಹಾಕಬೇಕೆಂದು ಎಷ್ಟು ಆಸೆಯಿತ್ತೆಂದು ದೇವರಿಗೇ ಗೊತ್ತು. ಅವರು ಮಾಡಿದ್ದಕ್ಕೆ ತಿರುಗಿ ಕೊಡಲು ನನ್ನ ಹತ್ತಿರ ಇರುವುದು ಇದೊಂದೇ. ಅವರು ಬೇಡ ಎಂದದ್ದೂ ಇದೊಂದನ್ನೇ. ಗಂಡನ ಕೈಯಿಂದ ಆ ಎಲೆ ತೆಗೆದು ಮಡಚಿ ಫ್ರಿಜ್ಜಿನಲ್ಲಿಟ್ಟೆ.

"ಬೇಡ. ಅವರಿಗೆ ಇಷ್ಟ ಇರಲಿಲ್ಲ" ಎಂದೆ.

ಅಮ್ಮನಿಗೆ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬಂದು ನಿಂತೆ.