ಸರಳೆಯೊಳಗಿನ ಮಳೆ

ನಾನು ಮೇಷ್ಟ್ರಿಗೆ ಹೇಳಿದ ಸುಳ್ಳು ಒಂದೇ ಒಂದು. ಅದೂ ಮಳೆಯ ಬಗ್ಗೆ. (ಬೋರ್‌ವೆಲ್ಲು ಬತ್ತುವ ನಮ್ಮ ಸೀಮೆಯಲ್ಲಿ ಮಳೆಯ ವಿಷಯಕ್ಕೆ ಯಾರೂ ತಮಾಷೆಗೂ ಸುಳ್ಳು ಹೇಳುವುದಿಲ್ಲ.)

ಶಿಡ್ಲಘಟ್ಟದ ನನ್ನ ಪಿಟೀಲು ಮೇಷ್ಟ್ರಿಗೆ ಬೇಸಿಗೆಯಲ್ಲಿ ಸ್ಟ್ರೋಕ್ ಆಯಿತು. ಬಿದ್ದುಹೋದದ್ದು ಎಡಗೈ. ತಂತಿಯ ಮೇಲೆ ಸ್ವರ ಹಿಡಿಯುವ ಕೈ. ದಿನಾ ಬೆರಳಾಡಿಸದಿದ್ದರೆ ಮುಷ್ಟಿ ಕಟ್ಟಿಕೊಂಡುಬಿಡುತ್ತದೆ ಎಂದರು ಡಾಕ್ಟರು. ಮೇಷ್ಟ್ರು ಚಿಕ್ಕಬಳ್ಳಾಪುರಕ್ಕೆ, ನನಗೆ, ಫೋನ್ ಮಾಡಿದರು.

“ದಿನಾ ಬೆಳಗ್ಗೆ ಸರಿಗಮ ಸರಳೆ ನುಡ್ಸಿ ವಾಟ್ಸಾಪ್ ಮಾಡಮ್ಮ. ಒಂದೇ ರಾಗ ಬೇಡ. ರಾಗ ಬದ್ಲಾದ್ರೆ ಬೆರಳು ಕೂರೋ ಜಾಗ ಬದ್ಲಾಗ್ತದೆ. ಕೇಳ್ತಾ ನಾನು ತೊಡೆ ಮೇಲೆ ಬೆರಳಾಡಿಸ್ತೀನಿ. ನಿಂಗೂ ಪಾಠ, ನಂಗೂ ಎಕ್ಸರ್‌ಸೈಜು.”

ಹದಿನೈದು ದಿನ ಶ್ರದ್ಧೆಯಿಂದ ನುಡಿಸಿದೆ. ಆಮೇಲೆ? ಆಫೀಸು, ಅಡುಗೆ, ಆಲಸ್ಯ. ಒಂದು ಭಾನುವಾರ ಒಂದೇ ಪಟ್ಟಿಗೆ ಕೂತು ಆರು ರಾಗಗಳಲ್ಲಿ ಸರಳೆ ರೆಕಾರ್ಡ್ ಮಾಡಿಟ್ಟೆ. ದಿನಕ್ಕೊಂದು ಕಳಿಸಿದರಾಯಿತು! (ವಾರಕ್ಕಾಗುವಷ್ಟು ಹಿಟ್ಟು ರುಬ್ಬಿ ಫ್ರಿಜ್ಜಿನಲ್ಲಿಡುತ್ತೇವಲ್ಲ, ಹಾಗೆ.) ಆವತ್ತು ಮನೆಯ ಛಾವಣಿಯ ಶೀಟಿನ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ಅದೂ ರೆಕಾರ್ಡ್ ಆಗುತ್ತದೆಂದು ನನಗೆ ಹೊಳೆಯಲೇ ಇಲ್ಲ.

ಗುರುವಾರ ಮೇಷ್ಟ್ರ ವಾಯ್ಸ್ ಮೆಸೇಜು ಬಂತು. “ಅಲ್ಲಿ ದಿನಾ ಮಳೆಯೇನಮ್ಮ? ಇಲ್ಲಿ ಒಂದು ಹನಿ ಇಲ್ಲ.”

ನಾಲ್ಕು ದಿನದಿಂದ ಕಳಿಸಿದ್ದರಲ್ಲೆಲ್ಲ ಭಾನುವಾರದ ಅದೇ ಮಳೆ! ನಮ್ಮ ಕಿಟಕಿಯ ಹೊರಗೆ ಬಿಸಿಲು ಸುಡುತ್ತಿತ್ತು. “ಹೂಂ ಮೇಷ್ಟ್ರೇ, ಜೋರು ಮಳೆ” ಎಂದು ಟೈಪ್ ಮಾಡಿದೆ.

ಅವರು ಮತ್ತೇನೂ ಕೇಳಲಿಲ್ಲ. ನಾನೂ ಕಳಿಸುವುದು ನಿಲ್ಲಿಸಿದೆ. ಎರಡು ತಿಂಗಳು ಹೋಯಿತು.

ಕಳೆದ ವಾರ ನಾಚಿಕೆ ನುಂಗಿಕೊಂಡು, ಪಿಟೀಲು ಹೊತ್ತು, ಶಿಡ್ಲಘಟ್ಟದ ಬಸ್ಸು ಹತ್ತಿದೆ. “ರಾಮ್ಮಾ” ಎಂದು ಮೇಷ್ಟ್ರ ಹೆಂಡತಿ ತೆಲುಗಿನಲ್ಲೇ ಒಳಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆ ಗುರುವಾರದಿಂದ ಬೆರಳು ಆಡಿಸ್ಲೇ ಇಲ್ಲ ಕಣಮ್ಮ. ಕಲಿಯೋಳಿಗೇ ಬೇಡವಾದ್ರೆ ನಂಗ್ಯಾಕೆ ಅಂದ್ರು. ಎಷ್ಟು ಹೇಳಿದ್ರೂ ಕೇಳ್ಲಿಲ್ಲ.”

ಮಂಚದ ಮೇಲೆ ಮೇಷ್ಟ್ರ ಎಡಗೈ ಮುಷ್ಟಿಯಾಗಿ ಬಿದ್ದಿತ್ತು. ನಾಲ್ಕು ಬೆರಳೂ ಒಳಗೆ. ನನಗೆ ಅಳು ಬಂತು. ಮೇಷ್ಟ್ರ ಹಠದ್ದೂ ತಪ್ಪಲ್ಲವೇ ಎಂದು ನೀವು ಕೇಳಬಹುದು. ಇರಬಹುದು. ನಾನು ಮಾತ್ರ ಹಾಗೆ ಕೇಳುವಂತಿಲ್ಲ.

ಪೆಟ್ಟಿಗೆ ತೆರೆದು, ಶ್ರುತಿ ಮಾಡಿಕೊಂಡು, “ಇವತ್ತು ಖರಹರಪ್ರಿಯದಲ್ಲಿ ನುಡಿಸ್ಲಾ ಮೇಷ್ಟ್ರೇ?” ಎಂದೆ.

ಅವರು ಕಿಟಕಿಯಾಚೆಯ ಬಿಸಿಲು ನೋಡಿದರು.

“ಯಾಕಮ್ಮ, ಮಳೆ ನಿಂತೋಯ್ತಾ?”